ರಕ್ತದ ಮಾತು: ಅಮ್ಮನ ಬಿಳಿ ರಕ್ತಕಣಗಳ ಕರೆಂಟು ಅಳೆಸಬೇಕಾ?

ಹಾಸನದ ಲ್ಯಾಬೊಂದರಲ್ಲಿ 31 ವರ್ಷ ರಕ್ತ ಪರೀಕ್ಷೆ ಮಾಡಿ ನಿವೃತ್ತರಾದ ನಮ್ಮ ಅಂಕಣಗಾರ್ತಿ ಈ ಸಲ ನಾಲ್ಕು ಪತ್ರಗಳಿಗೆ ಉತ್ತರಿಸಿದ್ದಾರೆ.

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಸಕಲೇಶಪುರದ ಹತ್ತಿರ ಒಂದು ಕಾಫಿ ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಹನ್ನೆರಡು ದಿನದ ಹಿಂದೆ 64 ವರ್ಷದ ನಮ್ಮ ಅಮ್ಮನಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಬಿದ್ದಿದೆ. ಮಾತು ತೊದಲುತ್ತದೆ. ಮೊದಲ ದಿನದ ರಿಪೋರ್ಟಿನಲ್ಲಿ ಟಿಸಿ (ಬಿಳಿ ರಕ್ತಕಣಗಳ ಒಟ್ಟು ಲೆಕ್ಕ) 13,600, ಅದರಲ್ಲಿ ನ್ಯೂಟ್ರೋಫಿಲ್ ಅನ್ನೋ ಬಗೆ ಶೇಕಡಾ 84, ಲಿಂಫೋಸೈಟ್ ಅನ್ನೋ ಬಗೆ ಶೇಕಡಾ 10 ಅಂತಿತ್ತು. ಈಗ ಮನೆಗೆ ಕರೆದುಕೊಂಡು ಬಂದಿದ್ದೇವೆ. ಬಿಳಿ ರಕ್ತಕಣಗಳ ವಿದ್ಯುತ್ ಗುಣ ಅಳೆದರೆ ಸ್ಟ್ರೋಕ್ ಆದವರು ಎಷ್ಟು ಚೇತರಿಸಿಕೊಳ್ಳುತ್ತಾರೆ ಅಂತ ತಿಳಿಯುತ್ತದೆಯಂತೆ, ನನ್ನ ಮಗ ಮೊಬೈಲಿನಲ್ಲಿ ಓದಿ ಹೇಳಿದ. ಈ ಟೆಸ್ಟ್ ಹಾಸನದಲ್ಲಿ ಇದೆಯಾ? ಬೆಂಗಳೂರಾದರೂ ಸರಿ, ಖರ್ಚು ನೋಡಿಕೊಳ್ಳುತ್ತೇವೆ. ಅಷ್ಟಕ್ಕೂ ರಕ್ತದ ಕಣದಲ್ಲಿ ಕರೆಂಟು ಇರೋದು ನಿಜವಾ?

ಉತ್ತರ: ಮೊದಲು ದುಡ್ಡಿನ ಮಾತು ಮುಗಿಸಿಬಿಡೋಣ. ಆ ಟೆಸ್ಟಿಗೆ ಅಂತ ಬೆಂಗಳೂರು ಬಸ್ಸು ಹತ್ತಬೇಡಿ. ಅದು ಇನ್ನೂ ಸಂಶೋಧಕರ ಮೇಜಿನ ಮೇಲಿರುವ ಕೆಲಸ. ಡಾಕ್ಟರ ಚೀಟಿ ಹಿಡಿದು ಹೋಗಿ ಮಾಡಿಸಿಕೊಂಡು ಬರುವಂಥದ್ದಲ್ಲ. ಯಾರಾದರೂ "ನಮ್ಮಲ್ಲಿದೆ, ಇಷ್ಟು ಸಾವಿರ ಆಗುತ್ತೆ" ಅಂದರೆ ನಂಬಬೇಡಿ. ಆ ದುಡ್ಡು ಫಿಸಿಯೋಥೆರಪಿಗೆ ಇರಲಿ.

ಹಾಗಂತ ಮಗನಿಗೆ ಬೈಯಬೇಡಿ. ಅವನು ಓದಿದ್ದು ಪೂರ್ತಿ ಸುಳ್ಳಲ್ಲ. ಅಷ್ಟೇ ಅಲ್ಲ, ನಿಮ್ಮ ಅಮ್ಮನ ಬಿಳಿ ಕಣಗಳನ್ನು ಆಸ್ಪತ್ರೆಯವರು ಆಗಲೇ ಒಂದು ಸಲ ಕರೆಂಟಿನಿಂದ ಅಳೆದಿರಬಹುದು. ಆ 13,600 ಎಲ್ಲಿಂದ ಬಂತು ಅಂದುಕೊಂಡಿರಿ?

ನಾನು 1991ರಲ್ಲಿ ಕೆಲಸಕ್ಕೆ ಸೇರಿದಾಗ ಟಿಸಿಯನ್ನು ಕಣ್ಣಲ್ಲೇ ಎಣಿಸುತ್ತಿದ್ದೆವು. ರಕ್ತಕ್ಕೆ ಇಪ್ಪತ್ತು ಪಟ್ಟು ಆಗುವಷ್ಟು ದ್ರಾವಣ ಬೆರೆಸಿ, ಗೆರೆ ಕೊರೆದ ನ್ಯೂಬಾರ್ ಚೇಂಬರಿಗೆ ಬಿಟ್ಟು, ಮೈಕ್ರೋಸ್ಕೋಪಿನಲ್ಲಿ ನಾಲ್ಕು ಮೂಲೆಯ ಚೌಕ ಎಣಿಸಿ 50ರಿಂದ ಗುಣಿಸಬೇಕು. ಸಂಜೆ ಹೊತ್ತಿಗೆ ಕಣ್ಣು ಮುಚ್ಚಿದರೂ ಚುಕ್ಕೆಗಳೇ ಕಾಣುತ್ತಿದ್ದವು. ಆಮೇಲೆ ಸೆಲ್ ಕೌಂಟರ್ ಬಂತು. ಅದರ ಮೂಲ ಉಪಾಯ ಅಮೆರಿಕದ ವ್ಯಾಲೇಸ್ ಕೌಲ್ಟರ್ ಎಂಬವರದು. 1953ರಲ್ಲಿ ಅವರಿಗೆ ಪೇಟೆಂಟ್ ಸಿಕ್ಕಿತು. ಉಪ್ಪುನೀರಿನಲ್ಲಿ ಒಂದು ಸಣ್ಣ ತೂತು. ಅದರ ಮೂಲಕ ಕರೆಂಟು ಹರಿಯುತ್ತಿರುತ್ತದೆ. ಹಾಸನಾಂಬೆ ದರ್ಶನಕ್ಕೆ ಬ್ಯಾರಿಕೇಡಿನ ಸಂದಿಯಲ್ಲಿ ಒಬ್ಬೊಬ್ಬರೇ ನುಸುಳುತ್ತೇವಲ್ಲ, ಹಾಗೆ ಕಣಗಳು ಆ ತೂತಿನಲ್ಲಿ ಒಂದೊಂದಾಗಿ ಹೋಗುತ್ತವೆ. ಕಣದ ಪೊರೆ ಕರೆಂಟನ್ನು ಸುಲಭವಾಗಿ ಬಿಡುವುದಿಲ್ಲ. ಹಾಗಾಗಿ ಅದು ತೂತು ದಾಟುವಾಗ ಕರೆಂಟಿಗೆ ಒಂದು ತಡೆ ಬೀಳುತ್ತದೆ. ಒಂದು ತಡೆ ಅಂದರೆ ಒಂದು ಕಣ. ತಡೆ ದೊಡ್ಡದಾದರೆ ಕಣವೂ ದೊಡ್ಡದು. ಬೆಳಕು ಹಾಯಿಸಿ ನೋಡುವ ಮೆಷಿನ್‌ಗಳೂ ಇವೆ, ಎರಡನ್ನೂ ಸೇರಿಸಿದವೂ ಇವೆ.

ಈಗ ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ಉತ್ತರ ನಿಮ್ಮ ತೋಟದ ಸ್ಟೋರಿನಲ್ಲೇ ಇದೆ. ತೇವ ಅಳೆಯುವ ಮಾಯಿಶ್ಚರ್ ಮೀಟರ್ ನೀವೂ ಹಿಡಿದಿರುತ್ತೀರಿ. ನನ್ನ ತವರು ಆಲ್ದೂರಿನ ಕಡೆ. ಅಪ್ಪ ಕಾಫಿ ಒಣಗಿದೆಯಾ ಅಂತ ಬೀಜವನ್ನು ಹಲ್ಲಿಗೆ ಹಾಕಿ ಕಚ್ಚಿ ನೋಡುತ್ತಿದ್ದರು. ಅಣ್ಣ ಈಗ ಮೀಟರಿಗೆ ಒಂದು ಹಿಡಿ ಸುರಿಯುತ್ತಾನೆ, ತೇವ ಶೇಕಡಾ 10 ಅಂತ ಬಂದರೆ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಬಿಡಿಸಿ ಒಣಗಿಸಿದ ಕಾಫಿ) ಮೂಟೆ ಕಟ್ಟಿಸುತ್ತಾನೆ. ಬೀಜದಲ್ಲಿ ಕರೆಂಟು ಇದೆಯಾ? ಇಲ್ಲ. ಮೀಟರ್ ತಾನೇ ಕರೆಂಟು ಕೊಟ್ಟು, ಬೀಜ ಅದನ್ನು ಹೇಗೆ ಹಿಡಿದುಕೊಳ್ಳುತ್ತದೆ ಅಂತ ನೋಡುತ್ತದೆ. ನೀರು ವಿದ್ಯುತ್ತನ್ನು ಹಿಡಿದುಕೊಳ್ಳುವ ರೀತಿಯೇ ಬೇರೆ, ಒಣ ಬೀಜದ್ದೇ ಬೇರೆ. ಅದಕ್ಕೇ ಬೀಜ ಒಡೆಯದೆ ಒಳಗಿನ ತೇವ ಗೊತ್ತಾಗುತ್ತದೆ. ಸಂಶೋಧಕರು ಬಿಳಿ ರಕ್ತಕಣಕ್ಕೆ ಮಾಡುತ್ತಿರುವುದೂ ಹೆಚ್ಚುಕಡಿಮೆ ಇದನ್ನೇ. ಕಣವನ್ನು ಒಡೆಯದೆ, ಬಣ್ಣ ಹಾಕದೆ, ಅದರ ಒಳಗು ಹೊರಗು ತಿಳಿಯುವುದು. ಕಣಕ್ಕೆ ತನ್ನದೇ ಆದ ಒಂದಿಷ್ಟು ವೋಲ್ಟೇಜೂ ಇದೆ, ಆದರೆ ಅದು ಬೇರೆ ಕಥೆ. ಮೂಡಿಗೆರೆಯ ಹುಡುಗಿಗೆ ಕೆಳಗೆ ಹೇಳಿದ್ದೇನೆ.

ಕಣಕ್ಕೆ ಕೊಡುವ ಕರೆಂಟಿನಲ್ಲಿ ಒಂದು ಜಾಣತನ ಇದೆ. ನಮ್ಮ ಮನೆಯ ಕರೆಂಟು ಸೆಕೆಂಡಿಗೆ 50 ಸಲ ಏರಿಳಿಯುತ್ತದೆ. ಇಲ್ಲಿ ಕೆಲವು ಲಕ್ಷ ಸಲ ಏರಿಳಿಯುವ ಕರೆಂಟು ಕೊಟ್ಟರೆ ಅದು ಪೊರೆಯನ್ನು ದಾಟಲಾರದೆ ಕಣವನ್ನು ಸುತ್ತಿ ಹೋಗುತ್ತದೆ. ಆಗ ಕಣದ ಗಾತ್ರ ತಿಳಿಯುತ್ತದೆ. ಏರಿಳಿತ ಹೆಚ್ಚಿಸುತ್ತಾ ಹೋದರೆ ಮೊದಲು ಪೊರೆಯ ಗುಣ ಕಾಣುತ್ತದೆ. ಕೋಟಿಗಳ ಲೆಕ್ಕಕ್ಕೆ ಹೋದಾಗ ಕರೆಂಟು ಪೊರೆಯನ್ನೇ ಹಾಯ್ದು ಒಳಗಿನ ದ್ರವದ ಸುದ್ದಿ ತರುತ್ತದೆ. ಇದೇನು ಹೊಸ ಉಪಾಯವಲ್ಲ. 1925ರಲ್ಲೇ ಹ್ಯೂಗೋ ಫ್ರಿಕ್ ಎಂಬವರು ಕೆಂಪು ರಕ್ತಕಣಗಳಿಗೆ ಹೀಗೆ ಕರೆಂಟು ಹಾಯಿಸಿ, ಪೊರೆಯ ದಪ್ಪ 3.3 ನ್ಯಾನೋಮೀಟರ್ ಇರಬೇಕು ಅಂತ ಲೆಕ್ಕ ಹಾಕಿದ್ದರು. ಪೊರೆಯನ್ನು ಕಣ್ಣಿಂದ ಕಂಡವರೇ ಆಗ ಯಾರೂ ಇರಲಿಲ್ಲ! ಒಂದು ನ್ಯಾನೋಮೀಟರ್ ಅಂದರೆ ಮಿಲಿಮೀಟರಿನಲ್ಲಿ ಹತ್ತು ಲಕ್ಷದ ಒಂದು ಪಾಲು.

ಪೊರೆಯ ಗುಣ ಅಂದೆ. ಅದಕ್ಕೂ ಸ್ಟ್ರೋಕಿಗೂ ಏನು ಸಂಬಂಧ? ಸೀರೆಯ ನೆರಿಗೆ ನೆನಪಿಸಿಕೊಳ್ಳಿ. ಸೊಂಟದ ಅಳತೆ ಅಷ್ಟೇ ಇದ್ದರೂ ನೆರಿಗೆ ಹೆಚ್ಚಿದಷ್ಟೂ ಬಟ್ಟೆ ಜಾಸ್ತಿ. ಬಿಳಿ ಕಣದ ಪೊರೆಯೂ ನಯವಾಗಿಲ್ಲ, ಅದರಲ್ಲೂ ನೆರಿಗೆಗಳಿವೆ. ನೆರಿಗೆ ಹೆಚ್ಚಿದರೆ ಪೊರೆ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುವ ಶಕ್ತಿಯೂ ಹೆಚ್ಚುತ್ತದೆ. ಕಣ ಸುಮ್ನೆ ತೇಲುತ್ತಿರುವಾಗ ಒಂದು ಆಕಾರ. ಜಗಳಕ್ಕೆ ನಿಂತಾಗ ಇನ್ನೊಂದು. ಉಬ್ಬುತ್ತದೆ, ಕಾಲು ಚಾಚುತ್ತದೆ, ನೆರಿಗೆ ಬದಲಾಗುತ್ತದೆ. ಒಳಗಿನ ಉಪ್ಪಿನ ಲೆಕ್ಕವೂ ಏರುಪೇರಾಗುತ್ತದೆ. ಇದೆಲ್ಲ ಕರೆಂಟಿನ ಅಳತೆಯಲ್ಲಿ ಸಿಕ್ಕಿಬೀಳುತ್ತದೆ.

ಸ್ಟ್ರೋಕ್ ಆದಾಗ ಈ ಜಗಳ ಶುರುವಾಗುತ್ತದೆ. ಮೆದುಳಿಗೆ ರಕ್ತ ನಿಂತ ಜಾಗದಲ್ಲಿ ಮೆದುಳಿನ ಜೀವಕೋಶಗಳು ಸಾಯುತ್ತಿದ್ದಂತೆ ಅಪಾಯದ ಸೂಚನೆ ಹೊರಡುತ್ತದೆ. ಕೆಲವೇ ಗಂಟೆಯಲ್ಲಿ ನ್ಯೂಟ್ರೋಫಿಲ್‌ಗಳು ರಕ್ತದಲ್ಲಿ ಏರುತ್ತವೆ. ಅವು ಸೋಂಕಿನ ವಿರುದ್ಧ ಹೊಡೆದಾಡುವ ಕಣಗಳು. ಇಲ್ಲಿ ಸೋಂಕೇ ಇಲ್ಲ. ಆದರೂ ಓಡಿಬರುತ್ತವೆ. ಬೆಂಕಿ ಅಂತ ಕೂಗಿದರೆ ಊರೆಲ್ಲ ನುಗ್ಗಿ ದಾರಿ ಕಟ್ಟುವ ಹಾಗೆ, ಅತಿ ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡು ಇದ್ದಬದ್ದ ಹರಿವಿಗೂ ಅಡ್ಡಿ ಮಾಡುತ್ತವೆ. ಸೂಕ್ಷ್ಮಾಣುವನ್ನು ಸುಡಲು ಇಟ್ಟುಕೊಂಡ ರಾಸಾಯನಿಕಗಳನ್ನು ನಮ್ಮದೇ ಮೆದುಳಿನ ಮೇಲೆ ಚೆಲ್ಲುತ್ತವೆ. ಇನ್ನೊಂದು ಕಡೆ ದೇಹದ ಒತ್ತಡದ ಹಾರ್ಮೋನುಗಳಿಂದ ಲಿಂಫೋಸೈಟುಗಳು ಇಳಿಯುತ್ತವೆ. ನಿಮ್ಮ ಅಮ್ಮನ 84 ಮತ್ತು 10 ಹೇಳುತ್ತಿರುವುದು ಇದನ್ನೇ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ 8.4. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ 1ರಿಂದ 3ರ ನಡುವೆ ಇರುತ್ತದೆ. ಈ ಭಾಗಾಕಾರ ಜಾಸ್ತಿ ಇದ್ದವರಲ್ಲಿ ಚೇತರಿಕೆ ನಿಧಾನ ಎಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಆದರೆ ಅದು ನೂರಾರು ಜನರ ಸರಾಸರಿ ಮಾತು. ಒಬ್ಬ ಅಮ್ಮನ ಹಣೆಬರಹ ಅದರಲ್ಲಿಲ್ಲ. ಎಷ್ಟು ಜಾಗಕ್ಕೆ ಪೆಟ್ಟಾಗಿದೆ, ವಯಸ್ಸೆಷ್ಟು, ಎಷ್ಟು ಬೇಗ ಚಿಕಿತ್ಸೆ ಸಿಕ್ಕಿತು, ಇವೆಲ್ಲ ಇನ್ನೂ ದೊಡ್ಡ ಸಂಗತಿಗಳು.

ಕಣ ಎಷ್ಟಿವೆ ಅಂತ ಟಿಸಿ ಹೇಳುತ್ತದೆ. ಅವು ಯಾವ ಮೂಡಿನಲ್ಲಿವೆ ಅಂತ ಹೇಳುವುದಿಲ್ಲ. ವಿದ್ಯುತ್ ಅಳತೆಯ ಆಸೆ ಇರುವುದು ಅಲ್ಲಿ. ಈಗ ಕಣದ ಮೂಡು ತಿಳಿಯಬೇಕಾದರೆ ದುಬಾರಿ ಆಂಟಿಬಾಡಿ ಹಚ್ಚಿ, ಫ್ಲೋ ಸೈಟೋಮೀಟರ್ ಎಂಬ, ಕಣಗಳನ್ನು ಒಂದೊಂದಾಗಿ ಬೆಳಕಿನಲ್ಲಿ ಪರೀಕ್ಷಿಸುವ ಮೆಷಿನ್ನಿನಲ್ಲಿ ನೋಡಬೇಕು. ಒಂದು ಹನಿ ರಕ್ತ, ಬೆರಳುಗುರಿನಷ್ಟು ಚಿಪ್, ಕೆಲವು ನಿಮಿಷ, ಇಷ್ಟರಲ್ಲಿ ಆಗಿಬಿಟ್ಟರೆ ಎಷ್ಟು ಚೆನ್ನ ಅಲ್ವಾ?

ಲ್ಯಾಬಿನಲ್ಲಿ ಕೂತವಳಿಗೆ ಅದರ ತೊಡಕೂ ಗೊತ್ತು. ಸಾಮಾನ್ಯ ಸೆಲ್ ಕೌಂಟರಿನಲ್ಲಿ ಬಿಳಿ ಕಣ ಎಣಿಸಲು ಮೊದಲು ಕೆಂಪು ಕಣಗಳನ್ನು ಒಡೆಯುವ ದ್ರಾವಣ ಹಾಕುತ್ತೇವೆ. ಅದರ ಪೆಟ್ಟು ಬಿಳಿ ಕಣಕ್ಕೂ ತಾಗಿ ಅದರ ಆಕಾರ ಕೆಡುತ್ತದೆ. ನೆರಿಗೆ ಅಳೆಯಬೇಕಾದರೆ ಕಣ ಜೀವಂತವಾಗಿ, ಇದ್ದ ಹಾಗೇ ಇರಬೇಕು. ಇನ್ನು ನ್ಯೂಟ್ರೋಫಿಲ್ ಅಂದರೆ ಮಹಾ ಮುಂಗೋಪಿ. ಟ್ಯೂಬ್ ಜೋರಾಗಿ ಅಲ್ಲಾಡಿಸಿದರೂ ಕೆರಳುತ್ತದೆ, ತಣ್ಣಗಾಗಿ ಬೆಚ್ಚಗಾದರೂ ಕೆರಳುತ್ತದೆ. ಮೂರು ಗಂಟೆ ಮೇಜಿನ ಮೇಲಿಟ್ಟು ಆಮೇಲೆ ಅಳೆದರೆ ಸಿಕ್ಕುವುದು ಸ್ಟ್ರೋಕಿನ ಸುದ್ದಿಯಾ, ಮೇಜಿನ ಸುದ್ದಿಯಾ? ಮೇಲಾಗಿ ನ್ಯೂಮೋನಿಯಾ, ಮೂತ್ರದ ಸೋಂಕು, ಹಾರ್ಟ್ ಅಟ್ಯಾಕ್, ಸ್ಟೆರಾಯ್ಡ್, ಎಲ್ಲದರಲ್ಲೂ ಕಣ ಬದಲಾಗುತ್ತದೆ. ಇದು ಸ್ಟ್ರೋಕಿನದೇ ಬದಲಾವಣೆ ಅಂತ ಕಣ ಚೀಟಿ ಅಂಟಿಸಿಕೊಂಡು ಬರುವುದಿಲ್ಲ.

ನಾನೇ ಒಂದು ಸಲ ಈ ಸಂಖ್ಯೆಗಳಿಂದ ಮೋಸ ಹೋದೆ. 1998ರ ಡಿಸೆಂಬರ್, ತೋಟದಲ್ಲಿ ಹಣ್ಣು ಕೊಯ್ಲಿನ ಗಡಿಬಿಡಿ. ಅಪ್ಪ ಒಣಗಿಸುವ ಅಂಗಳದಲ್ಲಿ ಕಾಫಿ ಹರವಿಸುತ್ತಿದ್ದಾಗ ಎಡಗೈ ಜೋತುಬಿತ್ತು, ಬಾಯಿ ಸೊಟ್ಟಗಾಯಿತು. "ಲಕ್ವ ಹೊಡೆದಿದೆ, ಎಣ್ಣೆ ತಿಕ್ಕಿಸಿದರೆ ಸರಿಹೋಗುತ್ತೆ" ಅಂತ ಮನೆಯವರೇ ಎಲ್ಲಿಗೋ ಕರೆದುಕೊಂಡು ಹೋದರು. ಎರಡು ರಾತ್ರಿ ಹೋಯಿತು. ಮೂರನೆಯ ದಿನ ಹಾಸನಕ್ಕೆ ತಂದಾಗ ರಕ್ತ ಎಳೆದವಳು ನಾನೇ. ನಾಲ್ಕು ಚೌಕದಲ್ಲಿ 284 ಕಣ. 50ರಿಂದ ಗುಣಿಸಿದರೆ 14,200. ಗಾಜಿನ ಮೇಲೆ ರಕ್ತವನ್ನು ತೆಳುವಾಗಿ ಹರಡಿ (ಸ್ಮಿಯರ್) ನೂರು ಬಿಳಿ ಕಣ ಎಣಿಸಿದೆ, 86 ನ್ಯೂಟ್ರೋಫಿಲ್. "ಎಲ್ಲೋ ಇನ್ಫೆಕ್ಷನ್ ಇದೆ" ಅಂತ ಅಣ್ಣನಿಗೆ ದೊಡ್ಡದಾಗಿ ಹೇಳಿದೆ. ಡಾಕ್ಟರು ಹುಡುಕಿದರೂ ಅವತ್ತು ಇನ್ಫೆಕ್ಷನ್ ಸಿಗಲಿಲ್ಲ. ಅದು ಸ್ಟ್ರೋಕಿನದೇ ಗಲಾಟೆ.

ನಿಜವಾದ ಇನ್ಫೆಕ್ಷನ್ ಎರಡು ದಿನ ಬಿಟ್ಟು ಬಂತು. ಚಿಕ್ಕಮ್ಮ ಪ್ರೀತಿಯಿಂದ ಗಂಜಿ ಕುಡಿಸುತ್ತಿದ್ದರು, ಮಲಗಿದಲ್ಲೇ, ಚಮಚದಲ್ಲಿ. ಅಪ್ಪ ಪ್ರತಿ ಗುಟುಕಿಗೂ ಕೆಮ್ಮುತ್ತಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ. ನುಂಗುವ ಶಕ್ತಿ ಕುಂದಿದೆ, ಗಂಜಿ ಶ್ವಾಸಕೋಶಕ್ಕೆ ಇಳಿಯುತ್ತಿದೆ ಅಂತ ನನಗೆ ಹೊಳೆಯಲೇ ಇಲ್ಲ. ಸ್ಟ್ರೋಕ್ ಆದ ಮೇಲೆ ದೇಹದ ಸೋಂಕು ತಡೆಯುವ ಶಕ್ತಿಯೂ ಕುಗ್ಗಿರುತ್ತದೆ. ಲಿಂಫೋಸೈಟ್ ಇಳಿಯುವುದು ಅದರ ಒಂದು ಗುರುತು. ನ್ಯೂಮೋನಿಯಾ ಆಯಿತು. ಅಪ್ಪ ಹೇಗೋ ಪಾರಾದರು, ಆಮೇಲೆ ನಾಲ್ಕು ವರ್ಷ ಬದುಕಿದರು. ಎಡಗೈ ಮಾತ್ರ ಏಳಲಿಲ್ಲ. 284 ಕಣ ತಪ್ಪಿಲ್ಲದೆ ಎಣಿಸಿದವಳಿಗೆ ಒಂದು ಕೆಮ್ಮು ಅರ್ಥ ಆಗಲಿಲ್ಲ ಅನ್ನುವುದು ಈಗಲೂ ಚುಚ್ಚುತ್ತದೆ.

ಅದಕ್ಕೇ ನಿಮ್ಮನ್ನು ಕೇಳುತ್ತೇನೆ. ಅಮ್ಮ ನೀರು ಕುಡಿಯುವಾಗ ಕೆಮ್ಮುತ್ತಾರಾ? ಕುಡಿದ ಮೇಲೆ ದನಿ ನೀರಲ್ಲಿ ಅದ್ದಿದ ಹಾಗೆ ಆಗುತ್ತದಾ? ಹಾಗಿದ್ದರೆ ಇವತ್ತೇ ಡಾಕ್ಟರಿಗೆ ಹೇಳಿ. ನೆಟ್ಟಗೆ ಕೂರಿಸಿ, ಸ್ವಲ್ಪ ಸ್ವಲ್ಪವೇ ಕೊಡಿ. ಮಲಗಿಸಿ ಏನನ್ನೂ ಕೊಡಬೇಡಿ. ಬಿಪಿ ಮಾತ್ರೆ, ರಕ್ತ ತೆಳುವಾಗಿಸುವ ಮಾತ್ರೆ "ಈಗ ಹುಷಾರು" ಅಂತ ನಿಲ್ಲಿಸಬೇಡಿ. ನಾಡಿ ಏರುಪೇರಾಗಿ ಹೊಡೆಯುತ್ತಾ ಅಂತ ಇಸಿಜಿಯಲ್ಲಿ ನೋಡಿದ್ದಾರಾ, ಕೇಳಿಕೊಳ್ಳಿ. ಹೃದಯದಲ್ಲಿ ಹೆಪ್ಪುಗಟ್ಟಿದ ರಕ್ತ ಮೆದುಳಿಗೆ ಹೋಗಿದ್ದರೆ ಮಾತ್ರೆಯೇ ಬೇರೆ. ಬಲಗೈಗೆ ವ್ಯಾಯಾಮ ದಿನಾ ಆಗಲಿ. ಮೊದಲ ಮೂರು ತಿಂಗಳಲ್ಲಿ ಚೇತರಿಕೆ ಬಿರುಸು, ಆಮೇಲೂ ನಿಲ್ಲುವುದಿಲ್ಲ. ಮಾತಿಗೂ ತರಬೇತಿ ಇದೆ. ಬಲಗಡೆ ಬಿದ್ದು ಮಾತು ಹೋಗಿದೆ ಅಂದರೆ ಪೆಟ್ಟು ಮೆದುಳಿನ ಎಡಭಾಗಕ್ಕೆ. ಅವರಿಗೆ ಎಷ್ಟೋ ಅರ್ಥವಾಗುತ್ತಿರಬಹುದು, ಪದ ಮಾತ್ರ ಸಿಗದಿರಬಹುದು. ಅವರೆದುರು ಅವರ ಬಗ್ಗೆ ಹಗುರವಾಗಿ ಮಾತಾಡಬೇಡಿ.

ಇನ್ನೊಂದು. ಒಮ್ಮೆ ಆದವರಿಗೆ ಮತ್ತೆ ಆಗಬಹುದು. ಬಾಯಿ ಸೊಟ್ಟ, ಕೈ ಜೋತು, ಮಾತು ತೊದಲು, ಇದರಲ್ಲಿ ಒಂದು ಕಂಡರೂ ಗಡಿಯಾರ ನೋಡಿ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡಲು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಅವಕಾಶ. ನಿಮ್ಮ ತೋಟದಿಂದ ಹಾಸನಕ್ಕೆ ಒಂದು ಗಂಟೆ ದಾರಿ. ಹಾಸನ ಬೇಡ ಅಂತ ನೇರ ಬೆಂಗಳೂರಿಗೆ ಹೊರಟರೆ ದಾರಿಯಲ್ಲೇ ಹೊತ್ತು ಮುಗಿಯುತ್ತದೆ. ಹಾಸನದಲ್ಲಿ ರಾತ್ರಿಯೂ ಸಿಟಿ ಸ್ಕ್ಯಾನ್ ಇರುವ, ಈ ಇಂಜೆಕ್ಷನ್ ಕೊಡುವ ಆಸ್ಪತ್ರೆ ಯಾವುದು ಅಂತ ಈಗಲೇ ವಿಚಾರಿಸಿಟ್ಟುಕೊಳ್ಳಿ. ದೊಡ್ಡ ನಾಳ ಕಟ್ಟಿದ್ದರೆ ರಕ್ತನಾಳದೊಳಗೆ ಸಣ್ಣ ಕೊಳವೆ ತೂರಿಸಿ ಹೆಪ್ಪು ತೆಗೆಯುವುದೂ ಉಂಟು. ಅದಕ್ಕೆ ಕೆಲವರಲ್ಲಿ 24 ಗಂಟೆಯವರೆಗೂ ಅವಕಾಶ ಇರುತ್ತದೆ. ಯಾರಿಗೆ ಅನ್ನುವುದು ಸ್ಕ್ಯಾನ್ ನೋಡಿದ ಮೇಲಿನ ಮಾತು. ಸ್ಕ್ಯಾನ್‌ಗೆ ಮೊದಲು ಮನೆಯಲ್ಲಿ ಆಸ್ಪಿರಿನ್ ನುಂಗಿಸಬೇಡಿ. ನಾಳ ಒಡೆದು ರಕ್ತ ಸುರಿಯುತ್ತಿದ್ದರೆ ಅದೇ ವಿಷವಾಗುತ್ತದೆ.

ಪ್ರಶ್ನೆ: ನಾನು ಮೂಡಿಗೆರೆಯಲ್ಲಿ ಪಿಯುಸಿ ಓದುತ್ತಿದ್ದೇನೆ. ಜೀವಕೋಶದ ಪೊರೆಗೆ ವೋಲ್ಟೇಜ್ ಇದೆ ಅಂತ ಲೆಕ್ಚರರ್ ಹೇಳಿದರು. ಹಾಗಾದರೆ ನಮಗೆ ಶಾಕ್ ಯಾಕೆ ಹೊಡೆಯೋದಿಲ್ಲ, ಆಂಟಿ?

ಉತ್ತರ: ಒಳ್ಳೆ ಪ್ರಶ್ನೆ ಪುಟ್ಟಿ. ಪೊರೆಯ ಒಳಗಿಗೂ ಹೊರಗಿಗೂ ಇರುವ ವ್ಯತ್ಯಾಸ ಸುಮಾರು 60 ಮಿಲಿವೋಲ್ಟ್ ಅಂದುಕೋ. ಗಡಿಯಾರಕ್ಕೆ ಹಾಕುವ ಸೆಲ್ 1.5 ವೋಲ್ಟ್. ಅಂದರೆ ಆ ಒಂದು ಸೆಲ್ 25 ಜೀವಕೋಶದಷ್ಟು. ಏನೂ ಅಲ್ಲ ಅನ್ನಿಸುತ್ತದೆ. ಆದರೆ ಪೊರೆಯ ದಪ್ಪ, ಫ್ರಿಕ್ ಅವರ ಹಳೆಯ ಲೆಕ್ಕಕ್ಕಿಂತ ಹೆಚ್ಚಾದರೂ, ಆರೇಳು ನ್ಯಾನೋಮೀಟರ್ ಮಾತ್ರ. ಲೆಕ್ಕ ಹಾಕಿ ನೋಡು, ಮೀಟರಿಗೆ ಸುಮಾರು 1 ಕೋಟಿ ವೋಲ್ಟ್ ಆಗುತ್ತದೆ. ನಿನ್ನ ನೋಟ್‌ಬುಕ್ಕಿನ ಒಂದು ಹಾಳೆಯ ದಪ್ಪಕ್ಕೆ 1,000 ವೋಲ್ಟ್ ಹಾಕಿದ ಹಾಗೆ. ಅಷ್ಟೂ ಆ ಪೊರೆಯಲ್ಲೇ ಮುಗಿದುಹೋಗುತ್ತದೆ, ಹೊರಗಿನ ಉಪ್ಪುನೀರಿಗೆ ಬರುವುದೇ ಇಲ್ಲ. ಅದಕ್ಕೇ ಶಾಕ್ ಇಲ್ಲ. ಇನ್ನೊಂದು ಸ್ವಾರಸ್ಯ ಕೇಳು. ನ್ಯೂಟ್ರೋಫಿಲ್ ಸೂಕ್ಷ್ಮಾಣುವನ್ನು ನುಂಗಿ ಸುಡುವಾಗ ಪೊರೆಯ ಆಚೆಗೆ ಎಲೆಕ್ಟ್ರಾನ್‌ಗಳನ್ನು ತಳ್ಳುತ್ತದೆ. ಹಾಗೇ ಬಿಟ್ಟರೆ ವೋಲ್ಟೇಜ್ ಕೆಟ್ಟು ಕೆಲಸವೇ ನಿಲ್ಲಬೇಕು. ಅದಕ್ಕೆ ಪ್ರೋಟಾನ್‌ಗಳು ಹೊರಹೋಗಲು ಬೇರೆಯೇ ಒಂದು ಬಾಗಿಲು ಇಟ್ಟುಕೊಂಡಿದೆ. ಲೆಕ್ಚರರ್ ಹತ್ತಿರ ಆ ಬಾಗಿಲಿನ ಬಗ್ಗೆ ಕೇಳು, ಖುಷಿಪಡುತ್ತಾರೆ.

ಪ್ರಶ್ನೆ: ಸ್ಟ್ರೋಕ್ ಆದ ನಮ್ಮ ಮಾವನಿಗೆ ಕರೆಂಟ್ ಬೆಲ್ಟ್ ಕಟ್ಟಿದರೆ ಕೈ ಬರುತ್ತದೆ ಅಂತ ಅರಸೀಕೆರೆ ಸಂತೆಯಲ್ಲಿ ಒಬ್ಬರು ಹೇಳುತ್ತಿದ್ದರು. ಪಾರಿವಾಳದ ರಕ್ತ ಹಚ್ಚಿ ಅಂತ ಇನ್ನೊಬ್ಬರು. ಯಾವುದು ಮಾಡಿಸಲಿ?

ಉತ್ತರ: ಎರಡೂ ಬೇಡ. ಪಾರಿವಾಳ ಪಾಪ, ಅದರ ಪಾಡಿಗೆ ಇರಲಿ. ಫಿಸಿಯೋಥೆರಪಿಯವರು ಬಲ ಕಳೆದುಕೊಂಡ ಸ್ನಾಯುವಿಗೆ ಸಣ್ಣ ಕರೆಂಟು ಕೊಟ್ಟು ಅದೇ ಹೊತ್ತಿಗೆ ಕೈ ಆಡಿಸುವ ವ್ಯಾಯಾಮ ಮಾಡಿಸುವುದುಂಟು. ಅದು ನಿಜವಾದ ಚಿಕಿತ್ಸೆ, ತರಬೇತಿ ಪಡೆದವರೇ ಮಾಡಬೇಕು. ಮಾವನಿಗೆ ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ.

ಪ್ರಶ್ನೆ: ಬೇಲೂರಿನಿಂದ ಬರೆಯುತ್ತಿದ್ದೇನೆ. ನಮ್ಮ ಯಜಮಾನರ ಟಿಸಿ ಬೆಳಿಗ್ಗೆ ಒಂದು ಲ್ಯಾಬಿನಲ್ಲಿ 9,800, ಮರುದಿನ ಸಂಜೆ ಇನ್ನೊಂದು ಲ್ಯಾಬಿನವರು ಮನೆಗೆ ಬಂದು ರಕ್ತ ತಗೊಂಡು ಹೋದರು, ಅದರಲ್ಲಿ 12,100. ಯಾರು ಸುಳ್ಳು?

ಉತ್ತರ: ಇಬ್ಬರೂ ಸುಳ್ಳಲ್ಲದೆ ಇರಬಹುದಮ್ಮ. ನ್ಯೂಟ್ರೋಫಿಲ್ ರಕ್ತದಲ್ಲಿ ಉಳಿಯುವುದೇ ಒಂದು ದಿನದ ಒಳಗೆ. ಬೆಳಿಗ್ಗೆ ಸಂಜೆಗೆ ವ್ಯತ್ಯಾಸ ಬರುತ್ತದೆ. ಮೆಟ್ಟಿಲು ಹತ್ತಿ ಬಂದು ತಕ್ಷಣ ಕೈ ಚಾಚಿದರೂ ಏರುತ್ತದೆ, ನೋವು, ಗಾಬರಿ ಇದ್ದರೂ ಏರುತ್ತದೆ. ಉಬ್ಬಸಕ್ಕೋ ಅಲರ್ಜಿಗೋ ಸ್ಟೆರಾಯ್ಡ್ ಮಾತ್ರೆ ತಗೊಂಡಿದ್ದರಾ? ಅದೊಂದೇ ಸಾಕು. ನನ್ನ ಅನುಮಾನ ಇನ್ನೊಂದಿದೆ. ಮನೆಗೆ ಬಂದು ರಕ್ತ ತಗೊಂಡು ಹೋದರು ಅಂತ ಪತ್ರದಲ್ಲಿ ಬರೆದಿದ್ದೀರಿ. ಆ ನೇರಳೆ ಮುಚ್ಚಳದ ಟ್ಯೂಬನ್ನು ತುಂಬಿದ ಕೂಡಲೇ ಮೆಲ್ಲಗೆ ಎಂಟು ಹತ್ತು ಸಲ ಮಗುಚಬೇಕು. ಇಲ್ಲದಿದ್ದರೆ ಒಳಗೆ ಸಣ್ಣ ಹೆಪ್ಪು ಕಟ್ಟಿ ಲೆಕ್ಕ ತಪ್ಪುತ್ತದೆ, ಕೆಲವೊಮ್ಮೆ ಮೆಷಿನ್ನಿನ ತೂತೇ ಕಟ್ಟಿಕೊಳ್ಳುತ್ತದೆ. ಟ್ಯೂಬ್ ಬೈಕಿನ ಡಿಕ್ಕಿಯಲ್ಲಿ ಎಷ್ಟು ಹೊತ್ತು ಸುತ್ತಿತು ಅಂತಲೂ ಕೇಳಿ. ಜ್ವರ ಇಲ್ಲ, ಬೇರೆ ತೊಂದರೆ ಇಲ್ಲ ಅಂದರೆ ಒಂದು ವಾರ ಬಿಟ್ಟು ಅದೇ ಹೊತ್ತಿಗೆ, ಮೊದಲಿನ ಲ್ಯಾಬಿಗೇ ಹೋಗಿ, ಹತ್ತು ನಿಮಿಷ ಸುಮ್ನೆ ಕೂತು ಆಮೇಲೆ ಕೈ ಚಾಚಲಿ.